ಎರಡನೇ ಬೋಲ್ಟು

ಸೋಮವಾರ ಮೂರನೆಯ ಪೀರಿಯಡ್ಡಿನಲ್ಲಿ ಗುರುಶಾಂತ ಸರ್ ಅಫ್ರೀನ್ ಬರೆದುಕೊಂಡು ಬಂದಿದ್ದ ಎರಡು ಹಾಳೆಗಳನ್ನು ನಿಧಾನವಾಗಿ ಓದಿದರು. ಓದಿ ಮುಗಿಸಿ, ಅಂಚು ಸರಿಮಾಡಿ, ಅವಳ ಕಡೆಗೆ ಸರಿಸಿದರು. ಬೈಯಲಿಲ್ಲ. ಸಹಿಯನ್ನೂ ಹಾಕಲಿಲ್ಲ.

ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿ ಮೂರು ಮೂರು ಜನರ ತಂಡ ಮಾಡುತ್ತಾರೆ. ಪ್ರತಿ ತಂಡವೂ ಒಂದು ವಸ್ತುವನ್ನೋ ಯಂತ್ರವನ್ನೋ ಆರಿಸಿಕೊಳ್ಳಬೇಕು. ಅದನ್ನು ಬಳಸುವವರು ಯಾರು, ಈಗಿರುವುದರಲ್ಲಿ ಕೊರತೆ ಏನು, ಹೊಸದು ಏನು ಮಾಡಬೇಕು ಎಂದು ಎರಡು ಪುಟ ಬರೆಯಬೇಕು. ಅದಕ್ಕೆ ಡಿಸೈನ್ ಬ್ರೀಫ್ ಅನ್ನುತ್ತಾರೆ. ಅದಕ್ಕೆ ಸಹಿ ಬಿದ್ದ ಮೇಲೆಯೇ ವರ್ಕ್‌ಶಾಪಿಗೆ ಪ್ರವೇಶ. ಅಫ್ರೀನ್ ಆರಿಸಿಕೊಂಡಿದ್ದು ಬೋರ್‌ವೆಲ್ಲಿನಿಂದ ಮೋಟಾರು ಎತ್ತುವಾಗ ಪೈಪನ್ನು ಹಿಡಿದುಕೊಳ್ಳುವ ಕ್ಲಾಂಪು.

"ಈಗಿನ ಕ್ಲಾಂಪು ಸುರಕ್ಷಿತವಲ್ಲ ಅಂತ ಬರೆದೀಯ," ಅಂದರು ಸರ್. "ಯಾರು ಹೇಳಿದ್ರು? ಯಾವ ದಿನ, ಯಾರ ಹೊಲದಾಗೆ, ಎಷ್ಟು ಸಲ ಏನಾಯ್ತು? ಇದು ಅಭಿಪ್ರಾಯ ಅಮ್ಮ. ಬ್ರೀಫ್ ಅಲ್ಲ."

ಹಿಂದಿನ ಬೆಂಚಿನಿಂದ ಗವಿಸಿದ್ದೇಶ ಮೊಬೈಲು ಮುಂದೆ ಚಾಚಿದ. ಹಡಗಲಿ ಕಡೆಯ ಹುಡುಗ, ಅವಳದೇ ತಂಡದವನು. ದಾವಣಗೆರೆಯಲ್ಲೊಂದು ಅಂಗಡಿ ಇದೆ, ಅಲ್ಲಿ ಪ್ರಾಜೆಕ್ಟು ರೆಡಿಯೇ ಸಿಗುತ್ತದೆ, ರಿಪೋರ್ಟನ್ನೂ ಬೈಂಡ್ ಮಾಡಿ ಕೊಡುತ್ತಾರೆ ಎಂದು ಅವನು ಹದಿನೈದು ದಿನದಿಂದ ಹೇಳುತ್ತಲೇ ಇದ್ದ. ಅವನ ಮನಸ್ಸು ನಿಂತಿದ್ದು ಸ್ಮಾರ್ಟ್ ಡಸ್ಟ್‌ಬಿನ್ನಿನ ಮೇಲೆ. ಕೈ ಚಾಚಿದರೆ ಅದು ತಾನೇ ಬಾಯಿ ತೆರೆಯುತ್ತದೆ.

"ನಮ್ಮೂರಾಗೆ ಕಸ ಹಾಕೋರು ಡಬ್ಬಿ ಎಲ್ಲೈತಿ ಅಂತ ನೋಡಲ್ಲ," ಅಂದಳು ತಂಡದ ಮೂರನೆಯವಳು ಪುಷ್ಪಲತಾ. "ಡಬ್ಬಿ ಬಾಯಿ ತಕ್ಕಂಡು ಯಾರ ದಾರಿ ಕಾಯಬೇಕು?"

ಕ್ಲಾಸು ನಕ್ಕಿತು. ಸರ್ ನಗಲಿಲ್ಲ. ಬರುವ ಸೋಮವಾರದವರೆಗೆ ಸಮಯ ಕೊಡುತ್ತೇನೆ ಅಂದರು. ಅಷ್ಟರೊಳಗೆ ಅಫ್ರೀನ್ ಸಮಸ್ಯೆಯನ್ನು ಕಣ್ಣಾರೆ ನೋಡಿ, ಎಣಿಸಿ, ಬರೆದು ತಂದರೆ ಅವಳ ಕ್ಲಾಂಪೇ. ಇಲ್ಲದಿದ್ದರೆ ಇಡೀ ತಂಡಕ್ಕೆ ಡಸ್ಟ್‌ಬಿನ್. ಆಮೇಲೆ ಅವಳ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಸಣ್ಣದಾಗಿ ‘ಎಷ್ಟು ಸಲ?’ ಎಂದು ಬರೆದರು.

ಹರಪನಹಳ್ಳಿಯ ಕಾಲೇಜಿನಿಂದ ಕೊಟ್ಟೂರಿನ ಮನೆಗೆ ಬಸ್ಸಿನಲ್ಲಿ ಬರುವಾಗ ಅಫ್ರೀನ್ ಆ ಎರಡು ಶಬ್ದವನ್ನೇ ನೋಡುತ್ತ ಕೂತಳು. ಕೊಂಡು ತಂದ ಡಬ್ಬಿಯ ಮುಂದೆ ನಿಂತು ಇದು ನಾನು ಮಾಡಿದ್ದು ಎಂದು ಪರೀಕ್ಷಕರಿಗೆ ಹೇಳುವುದು ತನ್ನಿಂದಾಗದು ಎನ್ನುವುದು ಅವಳಿಗೆ ಖಾತ್ರಿಯಿತ್ತು. ಬೇರೆ ಯಾವುದೂ ಖಾತ್ರಿಯಿರಲಿಲ್ಲ.

ಅವಳ ಅಪ್ಪ ಮೌಲಾಹುಸೇನ ಇಪ್ಪತ್ತೆರಡು ವರ್ಷದಿಂದ ಮೋಟಾರು ಎತ್ತುವ ಇಳಿಸುವ ಕೆಲಸದವನು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹೊಲಗಳಲ್ಲಿ ಮೋಟಾರು ಸುಟ್ಟರೆ ಅವನಿಗೆ ಫೋನು ಬರುತ್ತಿತ್ತು. ‘ಮೌಲಾನ ಕೈಯಾಗ ಪೈಪು ಬಿದ್ದಿಲ್ಲ’ ಅನ್ನುವ ಮಾತು ಅವನ ಫೋನ್ ನಂಬರಿನ ಜೊತೆಗೇ ಊರಿಂದೂರಿಗೆ ಹೋಗುತ್ತಿತ್ತು. ಅಂಗಡಿ ಇಲ್ಲ, ಬೋರ್ಡು ಇಲ್ಲ. ಆ ಮಾತೇ ಅವನ ಬೋರ್ಡು.

ಮನೆಯ ಮುಂದೆ ಕಟ್ಟೆಯ ಮೇಲೆ ಎರಡು ಕ್ಲಾಂಪು ಬಿದ್ದಿದ್ದವು. ಹುಟ್ಟಿದಾಗಿನಿಂದ ಅವಳು ಅವುಗಳನ್ನು ದಾಟಿಕೊಂಡೇ ಒಳಗೆ ಹೋದವಳು. ಅಂದು ಪುಸ್ತಕದ ಚೀಲ ಕೆಳಗಿಟ್ಟು ಒಂದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಎರಡು ದಪ್ಪ ಕಬ್ಬಿಣದ ಪಟ್ಟಿ, ನಡುವೆ ಪೈಪು ಕೂರಲು ಬಾಗಿಸಿದ ಜಾಗ, ಆ ಕಡೆಗೊಂದು ಈ ಕಡೆಗೊಂದು ಬೋಲ್ಟು. ಎಡಗಡೆಯ ನಟ್ಟಿನ ಮೂಲೆಗಳು ಸವೆದು ಗುಂಡಗಾಗಿದ್ದವು, ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಬಲಗಡೆಯ ನಟ್ಟಿಗೆ ಆರೂ ಮೂಲೆ ಹೊಸದರ ಹಾಗೇ ಇದ್ದವು, ಮೇಲೆ ತುಕ್ಕು ಹಿಡಿದಿತ್ತು. ಇನ್ನೊಂದು ಕ್ಲಾಂಪನ್ನು ಎತ್ತಿ ನೋಡಿದಳು. ಅದೂ ಹಾಗೆಯೇ.

ಅಪ್ಪ ಬಂದ ಮೇಲೆ ಕ್ಲಾಂಪಿನಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಕೇಳಿದಳು. ಅವನು ಕೈಕಾಲು ತೊಳೆಯುತ್ತ, ಕಬ್ಬಿಣಕ್ಕೆ ಎಂಥ ತೊಂದರೆ, ಹಿಡಿಯುವ ಕೈಯಲ್ಲಿ ತೊಂದರೆ ಇರಬಾರದು ಅಂದ. ಬಲಗಡೆಯ ನಟ್ಟು ಯಾಕೆ ಸವೆದಿಲ್ಲ ಎಂದು ಕೇಳಿದ್ದಕ್ಕೆ ಟವೆಲಿನಲ್ಲಿ ಮುಖ ಒರೆಸಿಕೊಂಡ. ಅವ್ವ ಜಾನಬಿ ರೊಟ್ಟಿ ಬಡಿಯುತ್ತಿದ್ದವಳು, "ಬಂದ ಕೂಡ್ಲೆ ಅಪ್ಪನ್ನ ಪರೀಕ್ಷೆಗೆ ಕೂಡಿಸಬ್ಯಾಡ, ಉಣ್ಲಿ," ಅಂದಳು.

ಗುರುವಾರ ಅವಳು ಕಾಲೇಜಿಗೆ ರಜೆ ಹಾಕಿ ಅಪ್ಪನ ಜೊತೆ ಲಗೇಜು ಆಟೋ ಹತ್ತಿದಳು. ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ ಹತ್ತಿರ ಅನ್ನದಾನಮ್ಮ ಎಂಬವಳ ಹೊಲ. ಎರಡೆಕರೆ ನೀರಾವರಿ ಶೇಂಗಾ ಹೂ ಕಟ್ಟುವ ಹೊತ್ತು, ಮೋಟಾರು ಬುಧವಾರ ಬೆಳಿಗ್ಗೆಯೇ ನಿಂತಿತ್ತು. ಆಟೋ ಹೊಲದ ಬದುವಿಗೆ ಬರುವಷ್ಟರಲ್ಲಿ ಅನ್ನದಾನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೋರಿನ ಹತ್ತಿರವೇ ನಿಂತಿದ್ದಳು. ಅಫ್ರೀನಳ ಕೈಯಲ್ಲಿನ ನೋಟ್‌ಬುಕ್ಕು ನೋಡಿ, ಗಣತಿಯವರನ್ನೂ ಕರಕೊಂಡು ಬಂದೀರೇನು ಮೌಲಣ್ಣ ಅಂದಳು.

ಕೆಲಸ ಮೂರು ಜನರದು. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡಿಗೆ ಚೈನ್‌ಪುಲ್ಲಿ ಕಟ್ಟಿ ಒಬ್ಬ ಎಳೆಯುತ್ತಾನೆ. ಒಬ್ಬ ಬೋರಿನ ಬಾಯಿಯ ಹತ್ತಿರ ಕೂತು ಕ್ಲಾಂಪು ಹಾಕುತ್ತಾನೆ. ಇನ್ನೊಬ್ಬ ಪೈಪಿನ ಜೊತೆ ಮೇಲೆ ಬರುವ ಕರೆಂಟಿನ ಕೇಬಲ್ಲನ್ನು ಗಾಯವಾಗದಂತೆ ಹಿಡಿದು ಸುತ್ತುತ್ತಾನೆ. ಇಪ್ಪತ್ತು ಅಡಿಯ ಒಂದು ಪೈಪು ಪೂರ್ತಿ ಮೇಲೆ ಬಂದ ಕೂಡಲೇ ಅದರ ಕೆಳಗಿನ ಪೈಪಿಗೆ ಕ್ಲಾಂಪು ಬಿಗಿದು, ಆ ಕ್ಲಾಂಪನ್ನು ಬೋರಿನ ಬಾಯಿಯ ಮೇಲೆ ಕೂರಿಸುತ್ತಾರೆ. ಮೇಲಿನ ಪೈಪನ್ನು ಬಿಚ್ಚಿ ಪಕ್ಕಕ್ಕೆ ಹಾಕುವವರೆಗೆ ಕೆಳಗಿನ ಅಷ್ಟೂ ಪೈಪು, ಅವುಗಳ ತುದಿಯ ಮೋಟಾರು, ಎಲ್ಲ ಭಾರವೂ ಆ ಒಂದು ಕ್ಲಾಂಪಿನ ಮೇಲೆ. ಅದು ಬಿಟ್ಟರೆ ಎಲ್ಲವೂ ಬೋರಿನ ತಳಕ್ಕೆ. ಆಮೇಲೆ ಆ ಬೋರು ಇದ್ದೂ ಇಲ್ಲದ ಹಾಗೆ.

ಅನ್ನದಾನಮ್ಮನ ಬೋರಿನಲ್ಲಿ ಮೂವತ್ತೆಂಟು ಪೈಪು. ಅಂದರೆ ಮೂವತ್ತೆಂಟು ಸಲ ಕ್ಲಾಂಪು ಬಿಗಿಯಬೇಕು. ಮೊದಲ ಹತ್ತೊಂಬತ್ತಕ್ಕೆ ಇಶ್ತಿಯಾಕ ಕೂತ. ಮೌಲಾಹುಸೇನನ ಅಕ್ಕನ ಮಗ, ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ, ಬಾಯಿ ಸುಮ್ಮನಿರುತ್ತಿರಲಿಲ್ಲ. ಕೇಬಲ್ಲಿಗೆ ಮೈಲಾರೇಶ್. ಚೈನಿಗೆ ಅಪ್ಪ. ಅರ್ಧ ಆದ ಮೇಲೆ ಅಪ್ಪ ಮತ್ತು ಇಶ್ತಿಯಾಕ ಜಾಗ ಬದಲಿಸುತ್ತಿದ್ದರು. ಒಂದೊಂದು ಪೈಪು ಮೇಲೆ ಬಂದಾಗಲೂ ಮೈಲಾರೇಶ್ ಕಾಲಿನಿಂದ ಒಂದು ಹರಳನ್ನು ಪಕ್ಕಕ್ಕೆ ದೂಡುತ್ತಿದ್ದ. ಅದೇ ಅವರ ಲೆಕ್ಕ.

ಅಫ್ರೀನ್ ಬೇವಿನ ನೆರಳಿನಲ್ಲಿ ಕೂತು ಮೊಬೈಲಿನ ಗಡಿಯಾರ ಹಿಡಿದು ಬರೆಯತೊಡಗಿದಳು. ಎಡದ ಬೋಲ್ಟು ಬಿಗಿದರೆ ಒಂದು ಗೆರೆ, ಬಲದ್ದೂ ಬಿಗಿದರೆ ಪಕ್ಕದಲ್ಲಿ ಇನ್ನೊಂದು ಗೆರೆ, ಎಷ್ಟು ಸೆಕೆಂಡು ಎನ್ನುವುದು ಅದರ ಮುಂದೆ. ಐದಾರು ಪೈಪು ಬರುವಷ್ಟರಲ್ಲಿ ಅವಳಿಗೆ ತಿಳಿಯಿತು. ಇಶ್ತಿಯಾಕ ಎಡದ ನಟ್ಟಿಗೆ ಪಾನಾ, ಅಂದರೆ ಸ್ಪ್ಯಾನರು, ಹಾಕಿ ಹಲ್ಲು ಕಚ್ಚಿ ತಿರುವುತ್ತಿದ್ದ. ಬಲದ್ದನ್ನು ಬೆರಳಿನಿಂದ ಎರಡು ಸುತ್ತು ತಿರುವಿ ಬಿಟ್ಟುಬಿಡುತ್ತಿದ್ದ. ಹತ್ತೊಂಬತ್ತರಲ್ಲಿ ಮೂರು ಸಲ ಮಾತ್ರ ಎರಡಕ್ಕೂ ಪಾನಾ ಬಿತ್ತು.

ಅಪ್ಪ ಕೂತಾಗ ಹಾಗಿರುವುದಿಲ್ಲ ಎಂದು ಅವಳು ಹೊಸ ಪುಟ ತೆರೆದಳು. ಹೊಸ ಪುಟದಲ್ಲೂ ಒಂಟಿ ಗೆರೆಗಳೇ ಸಾಲುಗಟ್ಟಿದವು.

ಇಪ್ಪತ್ತೇಳನೆಯ ಪೈಪಿನ ಹೊತ್ತಿಗೆ ಮೇಲಿನದನ್ನು ಬಿಚ್ಚುತ್ತಿದ್ದಾಗ ಕ್ಲಾಂಪಿನಿಂದ ಕಿರ್ ಎಂದು ಶಬ್ದ ಬಂತು. ಪೈಪು ಎರಡು ಬೆರಳಿನಷ್ಟು ಕೆಳಗೆ ಹೋಗಿ ನಿಂತಿತು. ಅಪ್ಪ ಪಾನಾ ತೆಗೆದುಕೊಂಡು ಎಡದ್ದನ್ನು ಇನ್ನೊಮ್ಮೆ ಬಿಗಿದ. ಆಮೇಲೆ ಎದ್ದು ಆ ಕಡೆ ಬಂದು ಬಲದ್ದನ್ನೂ ಬಿಗಿದ.

"ಏನಾತ್ರಿ?" ಅಂದಳು ಅನ್ನದಾನಮ್ಮ.

"ಏನಿಲ್ಲಮ್ಮ. ಕುಂತಿತು," ಅಂದ ಅಪ್ಪ.

ಬೋರಿನ ಬಾಯಿಯ ಹತ್ತಿರ ಜಾರಿತು, ಬಿತ್ತು ಅನ್ನುವ ಮಾತನ್ನು ಆ ಕೆಲಸದವರು ಆಡುವುದಿಲ್ಲ. ಎರಡು ಬೆರಳು ಜಾರಿದರೂ ‘ಕುಂತಿತು’ ಅನ್ನುತ್ತಾರೆ. ಮನೆಯಲ್ಲಿ ಆ ಮಾತು ಕೇಳಿಯೇ ಬೆಳೆದ ಅಫ್ರೀನಳಿಗೆ ಅದು ಅವತ್ತಿನವರೆಗೆ ಸಹಜವಾಗಿಯೇ ಇತ್ತು. ಅವತ್ತು ನೋಟ್‌ಬುಕ್ಕಿನಲ್ಲಿ ‘ಕುಂತಿತು’ ಎಂದು ಬರೆದು, ಸ್ವಲ್ಪ ಹೊತ್ತು ನೋಡಿ, ಅದರ ಮೇಲೆ ಗೆರೆ ಎಳೆದು ‘ಜಾರಿತು, ಎರಡು ಬೆರಳು’ ಎಂದು ಬರೆದಳು. ಬರೆದ ಮೇಲೆ ಯಾರಾದರೂ ನೋಡಿದರೇನೋ ಎಂದು ತಲೆ ಎತ್ತಿದಳು.

ಮಧ್ಯಾಹ್ನ ಎರಡಕ್ಕೆ ಮೋಟಾರು ಮೇಲೆ ಬಂತು. ಅಪ್ಪನ ಹತ್ತೊಂಬತ್ತರಲ್ಲಿ ಎರಡೂ ಬೋಲ್ಟಿಗೆ ಪಾನಾ ಬಿದ್ದಿದ್ದು ಆರು. ಇಬ್ಬರದೂ ಸೇರಿ ಮೂವತ್ತೆಂಟಕ್ಕೆ ಒಂಬತ್ತು. ಒಂದೇ ಬೋಲ್ಟಿಗೆ ಸರಾಸರಿ ನಲವತ್ತು ಸೆಕೆಂಡು, ಎರಡಕ್ಕೂ ಆದರೆ ಎರಡು ನಿಮಿಷದ ಮೇಲೆ. ಗುರುಶಾಂತ ಸರ್ ಕೇಳಿದ ‘ಎಷ್ಟು ಸಲ’ಕ್ಕೆ ಉತ್ತರ ಅವಳ ತೊಡೆಯ ಮೇಲಿತ್ತು. ಅದನ್ನು ಓದುವ ಧೈರ್ಯ ಮಾತ್ರ ಇರಲಿಲ್ಲ. ಗವಿಸಿದ್ದೇಶನ ಸೋದರಮಾವನ ಬೋರು ಹಡಗಲಿಯ ಹತ್ತಿರ. ಅದರ ಮೋಟಾರು ಇಳಿಸಿದವನೂ ಅಪ್ಪನೇ. ಕ್ಲಾಸಿನಲ್ಲಿ ಓದಿದ್ದು ಸಂಜೆಯ ಬಸ್ಸಿನಲ್ಲಿ ಹಡಗಲಿ ಮುಟ್ಟುತ್ತದೆ. ಇಪ್ಪತ್ತೆರಡು ವರ್ಷದ ಮಾತು ಒಂದು ಬಸ್ಸಿನಲ್ಲಿ ಹೋಗುತ್ತದೆ.

ಅಂದು ಸಂಜೆ ಅಪ್ಪ ಮಸೀದಿಯಿಂದ ಬಂದು ಚಹಾ ಕುಡಿಯುವಾಗ ಅವಳು ನೋಟ್‌ಬುಕ್ಕನ್ನು ಅವನ ಮುಂದೆ ಇಟ್ಟಳು. ಗೆರೆಗಳ ಅರ್ಥ ಹೇಳಿದಳು. ಯಾವುದು ಇಶ್ತಿಯಾಕನದು, ಯಾವುದು ಅವನದು, ಎರಡನ್ನೂ ಹೇಳಿದಳು. ಅಪ್ಪ ಬಸಿಯಲ್ಲಿನ ಚಹಾ ಆರುವವರೆಗೂ ಆ ಪುಟ ನೋಡಿದ.

"ಇದನ್ನ ಕಾಲೇಜಿನ್ಯಾಗ ಓದ್ತಿ?"

"ನೀ ಬ್ಯಾಡ ಅಂದ್ರ ಓದಂಗಿಲ್ಲ."

"ಓದ್ಲಿಲ್ಲಂದ್ರ?"

"ಕಸದ ಡಬ್ಬಿ."

ಜಾನಬಿ ಒಳಗಿನಿಂದಲೇ, ಕಸದ ಡಬ್ಬಿಯಾದರೇನು, ಅದನ್ನೇ ಮಾಡು, ಮಂದಿಯ ಬಾಯಿಗೆ ಅಪ್ಪನ ಹೆಸರು ಹಾಕುವ ಓದು ಯಾವ ಓದು ಎಂದಳು. ಅವ್ವ ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೂ ಅಫ್ರೀನ್ ನೋಟ್‌ಬುಕ್ಕನ್ನು ಎತ್ತಿಕೊಳ್ಳಲಿಲ್ಲ. ಅಪ್ಪನೇ ಅದನ್ನು ಮುಚ್ಚಿ, ಅವಳ ಕಡೆ ನೋಡದೆ, ಎದ್ದು ಹೊರಗೆ ಹೋದ.

ಶುಕ್ರವಾರ ಅವಳು ಕಾಲೇಜಿಗೆ ಹೋಗಿ ಬಂದಳು. ಪುಷ್ಪಲತಾ ಕೇಳಿದ್ದಕ್ಕೆ ಎಣಿಕೆ ಮುಗಿದಿಲ್ಲ ಅಂದಳು. ಗವಿಸಿದ್ದೇಶ ದಾವಣಗೆರೆಯ ಅಂಗಡಿಗೆ ಮುಂಗಡ ಕಳಿಸಲೇ ಎಂದು ಕೇಳಿದ್ದಕ್ಕೆ ಸೋಮವಾರದವರೆಗೆ ಕೈ ಕಟ್ಟಿಕೊಂಡು ಕೂರು ಅಂದಳು. ಸಂಜೆ ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಸೀಮೆಎಣ್ಣೆ ತುಂಬಿದ ತಗಡಿನ ಡಬ್ಬಿಯಲ್ಲಿ ಎರಡು ತುಕ್ಕು ಹಿಡಿದ ನಟ್ಟು ನೆನೆಯುತ್ತಿದ್ದವು. ಅವನು ತಂತಿಯ ಬ್ರಶ್ಶಿನಿಂದ ಬಲಗಡೆಯ ಬೋಲ್ಟಿನ ತಿರುಪಿನ ಸುತ್ತುಗಳನ್ನು ತಿಕ್ಕುತ್ತಿದ್ದ. ಅವಳನ್ನು ನೋಡಿ ಬ್ರಶ್ಶು ನಿಲ್ಲಿಸಲಿಲ್ಲ.

"ನಾಳೆ ಅನ್ನದಾನಮ್ಮನ ಮೋಟಾರು ಇಳಸ್ತೀವಿ. ಬಾ. ಗಡಿಯಾರ ತಗಂಡು ಬಾ," ಅಂದ.

ಶನಿವಾರ ವೈಂಡಿಂಗ್ ಆದ ಮೋಟಾರು ಹೊತ್ತುಕೊಂಡು ಅದೇ ಹೊಲಕ್ಕೆ ಹೋದರು. ಇಳಿಸುವಾಗಲೂ ಕೆಲಸ ಅದೇ, ಹಿಂದುಮುಂದು ಅಷ್ಟೆ. ಪೈಪಿಗೆ ಪೈಪು ಜೋಡಿಸುತ್ತ, ಕೇಬಲ್ಲು ಕಟ್ಟುತ್ತ, ಇಳಿಸುತ್ತ, ಒಂದೊಂದಕ್ಕೂ ಕ್ಲಾಂಪು ಬಿಗಿಯಬೇಕು. ಆವತ್ತು ಅಪ್ಪ ಇಶ್ತಿಯಾಕನನ್ನು ಚೈನಿಗೆ ನಿಲ್ಲಿಸಿ ತಾನೇ ಬೋರಿನ ಬಾಯಿಗೆ ಕೂತ. ಎಡದ ನಟ್ಟು ಬಿಗಿದ, ಎದ್ದ, ಮೈಲಾರೇಶನನ್ನು ಸರಿಸಿದ, ಆ ಕಡೆಗೆ ಬಂದು ಕೂತ, ಬಲದ್ದನ್ನು ಬಿಗಿದ, ಮತ್ತೆ ಎದ್ದ. ಮೊದಲ ಪೈಪಿಗೆ ಎರಡು ನಿಮಿಷ ಇಪ್ಪತ್ತು ಸೆಕೆಂಡು.

ಹತ್ತು ಪೈಪು ಇಳಿಯುವಷ್ಟರಲ್ಲಿ ಅನ್ನದಾನಮ್ಮ ನಾಲ್ಕು ಸಲ ಬಂದು ಹೋದಳು. ಅವಳ ಶೇಂಗಾ ನೀರು ಕಂಡು ನಾಲ್ಕು ದಿನವಾಗಿತ್ತು. ಐದನೆಯ ಸಲ ಬಂದು ನಿಂತು, "ಮೌಲಣ್ಣ, ಮೊನ್ನೆ ಕುದುರಿ ಆಗಿದ್ರಿ. ಇವತ್ತು ಮೊಣಕಾಲು ಹಿಡದಾವೇನು?" ಅಂದಳು.

"ಮಗಳು ಕಲಿಸಾಕ ಹತ್ಯಾಳಮ್ಮ, ವಯಸ್ಸಾದ ಮ್ಯಾಲೆ," ಅಂದ ಅಪ್ಪ.

"ನಿಮ್ಮ ಪಾಠ ಮುಗಿಯೋದ್ರಾಗ ನನ್ನ ಶೇಂಗಾ ಹುರಕಂಡು ತಿನ್ನಬಹುದು," ಅಂದು ಹೋದಳು. ಇಶ್ತಿಯಾಕ ಚೈನು ಎಳೆಯುತ್ತಲೇ, ಹಂಗಾದ್ರ ಬೆಲ್ಲ ನಾವು ತರ್ತೀವಿ ಬಿಡ್ರಿ ಎಂದ.

ಇಪ್ಪತ್ಮೂರನೆಯ ಪೈಪಿನಲ್ಲಿ ಅಪ್ಪನ ಕೈ ತಪ್ಪಿತು. ಬಲದ ಬೋಲ್ಟಿಗೂ ಪೈಪಿಗೂ ನಡುವಿನ ಸಂದಿಯಲ್ಲೇ ಕೇಬಲ್ಲು ಇಳಿಯುತ್ತಿತ್ತು. ಪಾನಾ ನಟ್ಟಿನಿಂದ ಹಾರಿ ಅದಕ್ಕೆ ಬಡಿಯಿತು. ಮೈಲಾರೇಶ್ ಕೂಗಿ ನಿಲ್ಲಿಸಿದ. ಕೇಬಲ್ಲಿನ ಮೇಲಿನ ಕಪ್ಪು ರಬ್ಬರು ಉಗುರಿನಷ್ಟು ಸುಲಿದು, ಒಳಗಿನ ಕೆಂಪು ವಯರು ಕಾಣುತ್ತಿತ್ತು. ಹಾಗೇ ಇಳಿಸಿದ್ದರೆ ನೀರಿನೊಳಗೆ ಶಾರ್ಟ್ ಆಗಿ ಹೊಸ ವೈಂಡಿಂಗು ಅದೇ ದಿನ ಸುಡುತ್ತಿತ್ತು. ಮೂವರೂ ಕೂತು ಒರೆಸಿ, ಒಣಗಿಸಿ, ಟೇಪು ಸುತ್ತಿ, ಮೇಲೆ ಇನ್ನೊಂದು ಟೇಪು ಸುತ್ತಿದರು. ಕಾಲು ತಾಸು ಹೋಯಿತು.

ಅಪ್ಪ ಅವಳನ್ನು ಕರೆದ. ಸುತ್ತಿದ ಟೇಪಿನ ಮೇಲೆ ಅವಳ ಬೆರಳು ಇಟ್ಟು ಒತ್ತಿದ.

"ಬೋಲ್ಟು ಬಿಗೀಲಿಲ್ಲಂದ್ರ ಯಾವತ್ತೋ ಒಂದಿನ ಪೈಪು ಹೋಗಬಹುದು. ಹೋಗದೆನೂ ಇರಬಹುದು. ಇದು ಕುಯ್ದರ ನಾಳೆ ಬೆಳಿಗ್ಗೆನ ಫೋನ್ ಬರ್ತೈತಿ. ಇದಕ್ಕಂಜಿ ಅದನ್ನ ಬಿಟ್ಟಿವಿ. ಮೈಗಳ್ಳತನಕ್ಕಲ್ಲ ಮಗಳ. ಇದನ್ನೂ ಬರಕ."

ಅಫ್ರೀನ್ ಬರೆದುಕೊಂಡಳು. ಬರೆಯುತ್ತಿದ್ದ ಹಾಗೆ ಅವಳ ಮೊದಲ ಎರಡು ಹಾಳೆ ಎಷ್ಟು ತಪ್ಪಾಗಿದ್ದವು ಎಂದು ತಿಳಿಯಿತು. ಆ ಹಾಳೆಗಳಲ್ಲಿ ಅವಳು ಪೈಪನ್ನು ಇನ್ನೂ ಬಲವಾಗಿ ಕಚ್ಚುವ ಹಲ್ಲುಗಳನ್ನು ಬರೆದಿದ್ದಳು. ಕ್ಲಾಂಪಿಗೆ ಶಕ್ತಿ ಸಾಲದೆ ಹೋದದ್ದಲ್ಲ. ಬಲಗಡೆಯ ಬೋಲ್ಟಿನ ಹತ್ತಿರ ಕೈ ಹೋಗಲು ಜಾಗವಿರಲಿಲ್ಲ, ಇದ್ದ ಜಾಗದಲ್ಲಿ ಕೇಬಲ್ಲು ಇತ್ತು. ಅಲ್ಲಿ ಬೋಲ್ಟೇ ಇರಬಾರದು. ಬಾಗಿಲಿಗಿರುವ ಹಾಗೆ ಆ ಕಡೆ ಒಂದು ಗಟ್ಟಿ ಕೀಲು, ಕೇಬಲ್ಲು ಒತ್ತಿಸಿಕೊಳ್ಳದೆ ಇಳಿಯಲು ಒಂದು ತೋಡು. ಬಿಗಿಯುವುದೆಲ್ಲ ಎಡಗಡೆಯಿಂದ, ಕೂತ ಜಾಗದಿಂದಲೇ. ಪುಟದ ಮೂಲೆಯಲ್ಲಿ ಅದನ್ನು ಸಣ್ಣದಾಗಿ ಗೀಚಿದಳು. ಮೈಲಾರೇಶ್ ಬಗ್ಗಿ ನೋಡಿ, ಕಪ್ಪೆ ಬಾಯಿ ಬಿಟ್ಟಂಗೈತಿ ಅಂದ.

ಅಪ್ಪ ಉಳಿದ ಹದಿನೈದು ಪೈಪಿಗೂ ಎರಡೂ ಬೋಲ್ಟು ಬಿಗಿದ. ಬಲದ್ದನ್ನು ಬಿಗಿಯುವಾಗ ಮೈಲಾರೇಶ್ ತನ್ನ ಅಂಗೈಯನ್ನು ಪಾನಾಕ್ಕೂ ಕೇಬಲ್ಲಿಗೂ ನಡುವೆ ಇಟ್ಟುಕೊಂಡು ಕೂರಬೇಕಾಯಿತು. ಮೂರು ಸಲ ಅವನ ಗೆಣ್ಣಿಗೆ ಬಡಿಯಿತು. ಅವಳು ಅದನ್ನೂ ಬರೆದಳು. ಮೂವತ್ತೆಂಟು ಮುಗಿದು ಪೈಪಿನ ಬಾಯಿಂದ ನೀರು ಬಂದಾಗ ನಾಲ್ಕೂವರೆ. ಅನ್ನದಾನಮ್ಮ ನೀರಿಗೆ ಕೈಯೊಡ್ಡಿ ಮುಖ ತೊಳೆದುಕೊಂಡು, ಮಡಿಲಿನಲ್ಲಿದ್ದ ಹಸಿ ಕಡಲೆಗಿಡದ ಕಟ್ಟನ್ನು ಅಫ್ರೀನಳ ಕೈಗೆ ಕೊಟ್ಟಳು.

ಭಾನುವಾರ ಬೆಳಿಗ್ಗೆ ಅವಳು ಹೊಸ ಬ್ರೀಫು ಬರೆದು ಮುಗಿಸಿ ಅಪ್ಪನಿಗೆ ಓದಿ ಹೇಳಲು ಕೂತಳು. ಇಂಗ್ಲಿಷಿನಲ್ಲಿದ್ದುದನ್ನು ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದಳು. ‘ಕೆಲಸಗಾರ ಒಂದು, ಹತ್ತೊಂಬತ್ತಕ್ಕೆ ಮೂರು. ಕೆಲಸಗಾರ ಎರಡು, ಹತ್ತೊಂಬತ್ತಕ್ಕೆ ಆರು.’

"ಕೆಲಸಗಾರ ಎರಡು ಯಾರು?" ಅಂದ ಅಪ್ಪ.

"ನೀನ ಅಪ್ಪ. ಹೆಸರು ಬ್ಯಾಡ ಅಂತ ಹಂಗ ಬರದೀನಿ."

"ಹೆಸರಿಲ್ದೋನ ಮಾತು ನಿಮ್ಮ ಸರ್ ಯಾಕ ನಂಬಬೇಕು? ಹೆಸರು ಬರಿ."

ಜಾನಬಿ ಹಸಿ ಕಡಲೆ ಸುಲಿಯುತ್ತ ಕೂತಿದ್ದವಳು ಕೈ ನಿಲ್ಲಿಸಿದಳು. ಅಪ್ಪ ಅವಳ ಕಡೆ ತಿರುಗಿ, ನಾಲ್ಕು ಫೋನು ಕಡಿಮೆಯಾದರೆ ಆಗಲಿ, ಮೊನ್ನೆ ಇಪ್ಪತ್ತೇಳನೇದಕ್ಕೆ ನನ್ನ ಕೈ ಎಷ್ಟು ತಣ್ಣಗಾಗಿತ್ತು ಅನ್ನುವುದು ನನಗೆ ಗೊತ್ತು ಅಂದ. ಆಮೇಲೆ ಮಗಳಿಗೆ, "ಅದನ್ನ ಏನಂತ ಬರದಿ?" ಎಂದು ಕೇಳಿದ.

"ಜಾರಿತು ಅಂತ," ಅಂದಳು.

"ಹೂಂ. ಜಾರಿತು," ಅಂದ ಅಪ್ಪ. ಆ ಮಾತು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. "ಇನ್ನೊಂದು. ಆರಲ್ಲ, ಐದು."

"ನಾ ಎಣಿಸೀನಪ್ಪ. ಆರು."

"ಮೂವತ್ತೊಂದನೇದಕ್ಕ ಪಾನಾ ಹಾಕಿದ್ನಿ ಖರೆ, ತಿರುವಲಿಲ್ಲ. ನೀ ನೋಡಾಕತ್ತೀ ಅಂತ ಸುಮ್ನ ಆಡಿಸಿದ್ನಿ. ಐದು ಮಾಡು."

ಅಫ್ರೀನ್ ಅಪ್ಪನ ಮುಖ ನೋಡಲಿಲ್ಲ. ನೋಟ್‌ಬುಕ್ಕಿನಲ್ಲಿ ಆರನ್ನು ಒಂದು ಗೆರೆಯಿಂದ ಹೊಡೆದು ಪಕ್ಕದಲ್ಲಿ ಐದು ಎಂದು ಬರೆದಳು. ಕೆಳಗೆ ಒಂಬತ್ತಿದ್ದದ್ದು ಎಂಟಾಯಿತು. ಅಪ್ಪ ಪೆನ್ನು ತೆಗೆದುಕೊಂಡು ಆ ತಿದ್ದುಪಡಿಯ ಪಕ್ಕದಲ್ಲಿ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ, ಮೌಲಾಹುಸೇನ ಎಂದು ಸಹಿ ಮಾಡಿದ. ಮಧ್ಯಾಹ್ನ ಇಶ್ತಿಯಾಕನೂ ಬಂದು ತನ್ನ ಮೂರರ ಪಕ್ಕದಲ್ಲಿ ಸಹಿ ಹಾಕಿ, ಫೋಟೋ ಬೇಕಾದರೂ ಹಚ್ಚು, ಹೆಣ್ಣಿನ ಕಡೆಯವರು ಯಾರಾದರೂ ನೋಡಲಿ ಎಂದು ಹೋದ.

ಸೋಮವಾರ ಮೂರನೆಯ ಪೀರಿಯಡ್ಡಿನಲ್ಲಿ ಅಫ್ರೀನ್ ಎದ್ದು ನಿಂತು ಓದಿದಳು. ಅಪ್ಪನ ಹೆಸರು ಬಂದಾಗ ದನಿ ಸ್ವಲ್ಪ ಸಣ್ಣದಾಯಿತು. ಆ ಸಾಲನ್ನು ಮತ್ತೆ ಮೊದಲಿನಿಂದ, ಹಿಂದಿನ ಬೆಂಚಿಗೂ ಕೇಳುವ ಹಾಗೆ ಓದಿದಳು.

ಗವಿಸಿದ್ದೇಶ ಮೊಬೈಲು ಜೇಬಿಗೆ ಹಾಕಿದ. "ನಮ್ಮ ಮಾವನ ಬೋರಿಗೂ ನಿಮ್ಮಪ್ಪನ ಇಳಿಸಿದ್ದು. ಅಲ್ಲೂ ಒಂದ ಬೋಲ್ಟೇನು?"

"ಹಂಗ ಇರಬೇಕು."

"ಮಾವ ಕೇಳಿದ್ರ ಏನ್ ಹೇಳ್ಲಿ?"

"ಇದನ್ನ ಓದಾಕ ಕೊಡು," ಅಂದಳು. "ಎರಡನೇ ದಿನದ್ದೂ ಓದು ಅನ್ನು. ಬರೀ ಮೊದಲ್ನೇ ದಿನದ್ದ ಓದಿ ಬಿಡಬ್ಯಾಡ ಅನ್ನು."

ಸರ್ ಹಾಳೆ ಇಸಿದುಕೊಂಡು ಪ್ರಶ್ನೆ ಕೇಳತೊಡಗಿದರು. ಒಂದು ದಿನ ಎತ್ತಿದ್ದು, ಒಂದು ದಿನ ಇಳಿಸಿದ್ದು, ಎರಡನ್ನೂ ಹೇಗೆ ಹೋಲಿಸುತ್ತೀಯ ಎಂದರು. ಒಟ್ಟು ಹೊತ್ತನ್ನು ಹೋಲಿಸಿಲ್ಲ, ನಟ್ಟಿನ ಮೇಲೆ ಪಾನಾ ಇದ್ದ ಹೊತ್ತನ್ನು ಮಾತ್ರ ಹಿಡಿದಿದ್ದೇನೆ ಎಂದಳು. ಕೀಲಿನ ಕ್ಲಾಂಪು ಪೇಟೆಯಲ್ಲಿ ಈಗಾಗಲೇ ಇಲ್ಲವೇ ಎಂದರು. ಇದೆ, ಆದರೆ ಅವಳು ನೋಡಿದ ಯಾವುದರಲ್ಲೂ ಕೇಬಲ್ಲಿಗೆ ತೋಡಿಲ್ಲ ಎಂದು ಮೊಬೈಲಿಗೆ ಇಳಿಸಿಕೊಂಡಿದ್ದ ಮೂರು ಚಿತ್ರ ತೋರಿಸಿದಳು. ಒಂದು ಬೋಲ್ಟು ಅಷ್ಟು ಭಾರ ತಡೆಯುತ್ತದೆಯೇ ಎಂದರು. ಅದು ಇನ್ನೂ ಗೊತ್ತಿಲ್ಲ, ಲೆಕ್ಕ ಹಾಕಿ ನಮ್ಮ ವರ್ಕ್‌ಶಾಪಿನಲ್ಲೇ ಭಾರ ಕಟ್ಟಿ ನೋಡಬೇಕು, ತಡೆಯದಿದ್ದರೆ ಎಡಗಡೆಯೇ ಎರಡು ಬೋಲ್ಟು ಎಂದಳು. ಗೊತ್ತಿಲ್ಲ ಅನ್ನುವಾಗ ಅವಳ ದನಿ ಅಳುಕಲಿಲ್ಲ.

ಆಮೇಲೆ ಸರ್ ನೋಟ್‌ಬುಕ್ಕು ಕೇಳಿದರು. ಗೆರೆಗಳ ಪುಟದ ಮೇಲೆ ಬೆರಳಾಡಿಸುತ್ತ ಬಂದು ಹೊಡೆದು ಹಾಕಿದ ಆರರ ಹತ್ತಿರ ನಿಂತರು.

"ಇದೇನಮ್ಮ? ಲೆಕ್ಕ ತಿದ್ದಿದೀಯ."

"ನಾನಲ್ಲ ಸರ್. ನಾನು ಆರು ಎಣಿಸಿದ್ದೆ. ಅಪ್ಪ ಐದು ಅಂದ್ರು. ಒಂದಕ್ಕೆ ನಾನು ನೋಡ್ತೀನಿ ಅಂತ ಸುಮ್ನೆ ಪಾನಾ ಆಡಿಸಿದ್ರಂತೆ. ಅವರೇ ತಿದ್ದಿಸಿ ಸಹಿ ಮಾಡಿದ್ರು."

ಕ್ಲಾಸಿನಲ್ಲಿ ಯಾರೋ ನಗಲು ಹೋಗಿ ನಿಲ್ಲಿಸಿಕೊಂಡರು. ಸರ್ ಆ ಸಹಿಯನ್ನು ಕನ್ನಡಕ ಮೇಲೆತ್ತಿ ನೋಡಿದರು. ಕೂಡಿಸಿ ಕೂಡಿಸಿ ಬರೆದ ಅಕ್ಷರ, ಕೊನೆಯ ಅಕ್ಷರದ ಹತ್ತಿರ ಸೀಮೆಎಣ್ಣೆಯ ಬೆರಳಿನ ಗುರುತು. ಅವರು ಹಾಳೆಗಳನ್ನು ಮೇಜಿನ ಮೇಲೆ ಇಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು, ಎರಡೂ ಪುಟದ ಕೆಳಗೆ ಸಹಿ ಹಾಕಿದರು.

"ಈ ಪುಟ ಕೊನೇ ರಿಪೋರ್ಟಿಗೂ ಹಚ್ಚು. ಟೈಪ್ ಮಾಡಿಸಬ್ಯಾಡ," ಅಂದರು. "ಹೊಡೆದಿದ್ದು ಹೊಡೆದ ಹಂಗೇ ಇರಲಿ."

ಊಟದ ಹೊತ್ತಿಗೆ ಅಫ್ರೀನ್ ಪುಷ್ಪಲತಾಳನ್ನು ಕರೆದುಕೊಂಡು ವರ್ಕ್‌ಶಾಪಿಗೆ ಹೋದಳು. ಬೆಳಿಗ್ಗೆ ಅಪ್ಪನ ಎರಡು ಕ್ಲಾಂಪುಗಳಲ್ಲಿ ಒಂದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದಳು. 'ಬುಧವಾರ ನೀಲಗುಂದದಾಗ ಕೆಲಸ ಐತಿ, ನಾಳೆ ಸಂಜಿಗೆ ವಾಪಸ್ ಬೇಕು' ಎಂದು ಅಪ್ಪ ಹೇಳಿ ಕಳಿಸಿದ್ದ. ಅದನ್ನು ರಟ್ಟಿನ ಮೇಲಿಟ್ಟು ಸುತ್ತಲೂ ಪೆನ್ಸಿಲು ಆಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಗವಿಸಿದ್ದೇಶನೂ ಬಂದು ನಿಂತ. ಕ್ಲಾಂಪಿನ ಬಲತುದಿ ರಟ್ಟಿನ ಮೇಲೆ ಜಾರುತ್ತಿತ್ತು. ಅವನು ಬಗ್ಗಿ ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದ.